ಮಂಡಿಯ ಎಂಆರ್‌ಐಯಲ್ಲಿ ಒಂದು ಬಿಳಿಮಚ್ಚೆ: ಬೆಳೆಯುವ ಮಕ್ಕಳ ಮೊಣಕಾಲು ನೋವಿನ ಮೂಲ ಹುಡುಕುವ ಕ್ರಮ

ದೀಪಾವಳಿ ರಜೆ ಮುಗಿದು ಶಾಲಾ ಪಂದ್ಯಾಟಗಳು ಬಿರುಸಾಗುವ ಹೊತ್ತಿಗೆ, ಮುಂಬಯಿ ಪಕ್ಕದ ಠಾಣೆ ನಗರದಲ್ಲಿ ನಾನು ಕೆಲಸ ಮಾಡುವ ಸ್ಕ್ಯಾನ್ ಕೇಂದ್ರಕ್ಕೆ 11ರಿಂದ 15 ವರ್ಷದ ಮಕ್ಕಳ ಮಂಡಿಗಳು ಸಾಲಾಗಿ ಬರತೊಡಗುತ್ತವೆ. ಶಾಲಾ ಕ್ರಿಕೆಟ್ ಪಂದ್ಯಾವಳಿಗಳಾದ ಗೈಲ್ಸ್ ಶೀಲ್ಡ್, ಹ್ಯಾರಿಸ್ ಶೀಲ್ಡ್ ಆಡುವ ಹುಡುಗರು, ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಕಿಟ್ ಬ್ಯಾಗ್ ಹೊತ್ತು ಮಾಟುಂಗಾದ ಮೈದಾನಕ್ಕೆ ಹೋಗುವವರು, ಭರತನಾಟ್ಯದ ತರಗತಿಯಲ್ಲಿ ಅರೆಮಂಡಿಯಲ್ಲೇ ಬಹಳ ಹೊತ್ತು ನಿಲ್ಲುವ ಹುಡುಗಿಯರು, ಹೀಗೆ ಎಲ್ಲರೂ ಇರುತ್ತಾರೆ. ಇವರಲ್ಲಿ ಬಹುಪಾಲು ಮಕ್ಕಳ ನೋವಿಗೆ ಎಂಆರ್‌ಐ ಬೇಕಾಗಿರುವುದೇ ಇಲ್ಲ. ಬೇಕಾದವರಲ್ಲಿ ಕೆಲವರ ಚಿತ್ರಗಳಲ್ಲಿ ಮಾತ್ರ ಮೂಳೆ ಉದ್ದವಾಗುವ ಜಾಗವಾದ ಬೆಳವಣಿಗೆಯ ಫಲಕವನ್ನು ತಬ್ಬಿಕೊಂಡಂತೆ ಒಂದು ಬಿಳಿಮಚ್ಚೆ ಕಾಣಿಸುತ್ತದೆ. ಓದುವವರ ಅನುಭವ ಮತ್ತು ಅಂಜಿಕೆಗೆ ತಕ್ಕಂತೆ ಅದೇ ಮಚ್ಚೆ ಒಂದು ರಿಪೋರ್ಟಿನಲ್ಲಿ ಬಿರುಕು, ಇನ್ನೊಂದರಲ್ಲಿ ಸೋಂಕು, ಮತ್ತೊಂದರಲ್ಲಿ ಗಡ್ಡೆಯ ಅನುಮಾನ ಎನಿಸಿಕೊಳ್ಳುತ್ತದೆ. ಆ ಮಚ್ಚೆಯನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಕಿರಿಯ ವೈದ್ಯರಿಗೂ, ಫಿಸಿಯೋಥೆರಪಿಸ್ಟರಿಗೂ, ರಿಪೋರ್ಟ್ ಹಿಡಿದು ರಾತ್ರಿಯಿಡೀ ಮೊಬೈಲಿನಲ್ಲಿ ಅರ್ಥ ಹುಡುಕುವ ತಂದೆತಾಯಿಗಳಿಗೂ ತಿಳಿಸಲು ಈ ಬರಹ.

ಈ ವಿಷಯದಲ್ಲಿ ನಾನೇ ಎಡವಿದವನು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ 12 ವರ್ಷದ ಹುಡುಗಿಯೊಬ್ಬಳ ತೊಡೆಮೂಳೆಯ ಕೆಳತುದಿಯಲ್ಲಿ ಇಂಥ ಮಚ್ಚೆಯನ್ನು ಕಂಡು, 'ಗಡ್ಡೆಯ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಬಯಾಪ್ಸಿಯನ್ನು ಪರಿಗಣಿಸಬಹುದು' ಎಂದು ಬರೆದು ಸಹಿ ಹಾಕಿದ್ದೆ. ಮರುದಿನ ಆಕೆಯ ತಾಯಿಯ ಫೋನ್ ಬಂತು. ಧಾರವಾಡದ ಕಡೆಯವರು, ರಿಪೋರ್ಟಿನ ಕೆಳಗಿನ ಹೆಸರು ನೋಡಿ ನಾನು ಕನ್ನಡದವನೆಂದು ತಿಳಿದಿದ್ದರು. "ಸರ್, ಖರೇ ಹೇಳ್ರಿ, ಅಕಿಗೆ ಗಡ್ಡಿ ಐತೇನ್ರಿ?" ಎಂದರು. ಉತ್ತರ ಕೊಡುವ ಮೊದಲು ಚಿತ್ರಗಳನ್ನು ಮತ್ತೆ ತೆಗೆದು, ಮಕ್ಕಳ ಮೂಳೆಗಳನ್ನೇ ನೋಡಿಕೊಂಡು ಬಂದ ಹಿರಿಯರೊಬ್ಬರ ಮುಂದಿಟ್ಟೆ. ಅವರು ಮಚ್ಚೆಯ ಗಾತ್ರವನ್ನು ಕೇಳಲಿಲ್ಲ, ಎಷ್ಟು ಬೆಳ್ಳಗಿದೆ ಎಂದೂ ಕೇಳಲಿಲ್ಲ. "ಈ ಬಿಳುಪಿನ ನಡು ಎಲ್ಲಿ ಬೀಳುತ್ತದೆ, ಅದನ್ನು ಮೊದಲು ಹೇಳು" ಎಂದರು. ನಡು ಸರಿಯಾಗಿ ಫಲಕದ ಮೇಲೆಯೇ ಬೀಳುತ್ತಿತ್ತು. ಅಂದೇ ರಿಪೋರ್ಟ್ ತಿದ್ದಿದೆ, ಬಯಾಪ್ಸಿ ತಪ್ಪಿತು. ಇಂದಿಗೂ ನಾನು ಹದಿಹರೆಯದವರ ಮಂಡಿಯ ಚಿತ್ರಗಳನ್ನು ತೆರೆಯುವುದು ಆ ಪ್ರಶ್ನೆಯಿಂದಲೇ.

ಫಲಕದ ಕೆಲಸ

ಉದ್ದ ಮೂಳೆಗಳ ತುದಿಗೂ ಕಾಂಡಕ್ಕೂ ನಡುವೆ ಇರುವ ಮೃದ್ವಸ್ಥಿಯ ತೆಳು ಪದರವೇ ಬೆಳವಣಿಗೆಯ ಫಲಕ; ವೈದ್ಯರ ಮಾತಿನಲ್ಲಿ ಗ್ರೋತ್ ಪ್ಲೇಟ್ ಅಥವಾ ಫೈಸಿಸ್. ಫಲಕದಿಂದ ಕೀಲಿನ ಕಡೆಗಿರುವ ಭಾಗ ಎಪಿಫಿಸಿಸ್, ಕಾಂಡದ ಕಡೆಗೆ ಅಗಲವಾಗಿರುವ ಭಾಗ ಮೆಟಾಫಿಸಿಸ್. ಕಾಲಿನ ಎತ್ತರದ ಬಹುಪಾಲನ್ನು ಬೆಳೆಸುವುದು ಮಂಡಿಯ ಸುತ್ತಲಿನ ಎರಡು ಫಲಕಗಳು: ತೊಡೆಮೂಳೆಯ ಕೆಳಫಲಕ ವರ್ಷಕ್ಕೆ ಸುಮಾರು 9ರಿಂದ 10 ಮಿಲಿಮೀಟರ್, ಕಣಕಾಲಿನ ದೊಡ್ಡ ಮೂಳೆಯಾದ ಟಿಬಿಯಾದ ಮೇಲ್ಫಲಕ ಸುಮಾರು 6 ಮಿಲಿಮೀಟರ್ ಬೆಳೆಯುತ್ತದೆ. ಇಷ್ಟು ದುಡಿಯುವ ಜಾಗದಲ್ಲಿ ನೋವು ಹುಟ್ಟುವುದು ಆಶ್ಚರ್ಯವಲ್ಲ.

ಬೆಳವಣಿಗೆ ಮುಗಿಯುವ ಕಾಲಕ್ಕೆ ಫಲಕ ಒಮ್ಮೆಗೇ ಮುಚ್ಚಿಕೊಳ್ಳುವುದಿಲ್ಲ. ಮಂಡಿಯಲ್ಲಿ ಅದು ಸಾಮಾನ್ಯವಾಗಿ ನಡುಭಾಗದಲ್ಲಿ ಮುಚ್ಚಲು ತೊಡಗಿ ಅಂಚಿನ ಕಡೆಗೆ ಹರಡುತ್ತದೆ. ಹುಡುಗಿಯರಲ್ಲಿ ಹುಡುಗರಿಗಿಂತ ಒಂದೆರಡು ವರ್ಷ ಮೊದಲೇ. ನಡುವೆ ಮೂಳೆಯ ಸಣ್ಣ ಸೇತುವೆ ಕಟ್ಟಿಕೊಂಡಾಗ ಸುತ್ತಲಿನ ಮೃದ್ವಸ್ಥಿ ಇನ್ನೂ ಬಾಗುತ್ತಿರುತ್ತದೆ, ಸೇತುವೆ ಬಾಗುವುದಿಲ್ಲ. ಓಟ, ಜಿಗಿತಗಳ ಎಳೆತವೆಲ್ಲ ಆ ಒಂದು ಬಿಂದುವಿನ ಮೇಲೆ ಬಂದು ಅಕ್ಕಪಕ್ಕದ ಅಸ್ಥಿಮಜ್ಜೆಯಲ್ಲಿ ನೀರು ತುಂಬಿಕೊಳ್ಳುತ್ತದೆ ಎಂಬುದು ಈಗ ಹೆಚ್ಚು ಜನ ಒಪ್ಪುವ ವಿವರಣೆ. 2011ರಲ್ಲಿ ಅಮೆರಿಕದ ರೇಡಿಯಾಲಜಿಸ್ಟರಾದ ಆಂಡ್ರ್ಯೂ ಝಬೋಯ್ನೆವಿಚ್ ಮತ್ತು ತಾಲ್ ಲಾವರ್ ಈ ಚಿತ್ರವನ್ನು ಪ್ರತ್ಯೇಕವಾಗಿ ವರ್ಣಿಸಿ ಫೋಕಲ್ ಪೆರಿಫೈಸಿಯಲ್ ಎಡೀಮಾ, ಅಂದರೆ ಫಲಕದ ಸುತ್ತ ಒಂದೇ ಜಾಗದಲ್ಲಿ ತುಂಬಿದ ನೀರು, ಎಂದು ಕರೆದರು. ನಮ್ಮ ರೀಡಿಂಗ್ ರೂಮಿನಲ್ಲಿ ಅದು ಚುಟುಕಾಗಿ 'ಫೋಪ್'. ಸೇತುವೆಯ ಮಾತು ಊಹೆಯೇ ಆದರೂ ಅದನ್ನು ನೆನಪಿಟ್ಟುಕೊಂಡರೆ ಚಿತ್ರದ ಲಕ್ಷಣಗಳನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ. ಅವು ತಾವಾಗಿಯೇ ಅದರಿಂದ ಹೊರಡುತ್ತವೆ.

ಯಂತ್ರದೊಳಗೆ ಕಳಿಸುವ ಮೊದಲು

ಮಂಡಿನೋವೆಂದು ಬಂದ ಮಗುವಿನ ಸೊಂಟದ ಕೀಲನ್ನು ಪರೀಕ್ಷಿಸದೆ ಎಂಆರ್‌ಐಗೆ ಬರೆದುಕೊಡುವುದು ಈ ಇಡೀ ಕ್ರಮದಲ್ಲಿ ಅತಿ ದುಬಾರಿಯಾಗುವ ತಪ್ಪು. ತೊಡೆಮೂಳೆಯ ಮೇಲ್ತುದಿಯ ಫಲಕ ಜಾರುವ ಕಾಯಿಲೆಯಲ್ಲಿ, ಅಂದರೆ ಸ್ಲಿಪ್ಡ್ ಕ್ಯಾಪಿಟಲ್ ಫೆಮೊರಲ್ ಎಪಿಫಿಸಿಸ್‌ನಲ್ಲಿ, ಮಗು ತೋರಿಸುವುದು ಎಷ್ಟೋ ಸಲ ಮಂಡಿಯನ್ನೇ. ಇದೇ 10ರಿಂದ 16ರ ವಯಸ್ಸು. ಮೈತೂಕ ಹೆಚ್ಚಿರುವ ಮಕ್ಕಳಲ್ಲಿ ಹೆಚ್ಚು. ಮಗುವನ್ನು ಅಂಗಾತ ಮಲಗಿಸಿ ತೊಡೆಯನ್ನು ಹೊಟ್ಟೆಯ ಕಡೆಗೆ ಮಡಿಸಿದಾಗ ಕಾಲು ತಾನಾಗಿಯೇ ಹೊರಕ್ಕೆ ತಿರುಗಿದರೆ, ಒಳಕ್ಕೆ ತಿರುಗಿಸಲು ಹೋದಾಗ ಮಗು ಮುಖ ಕಿವುಚಿದರೆ, ಮಂಡಿಯನ್ನು ಅಲ್ಲಿಗೇ ಬಿಟ್ಟು ಎರಡೂ ಸೊಂಟಗಳ ಎಕ್ಸ್‌ರೇ ತೆಗೆಸಬೇಕು, ಅದರಲ್ಲಿ ಕಪ್ಪೆಗಾಲಿನ ಭಂಗಿಯ ಚಿತ್ರವೂ ಇರಬೇಕು. ಇಂಥ ಮಗುವಿನ ಮಂಡಿಯ ಎಂಆರ್‌ಐ ಚೊಕ್ಕವಾಗಿಯೇ ಬರುತ್ತದೆ. ಮನೆಯವರು ನಿರಾಳವಾಗುತ್ತಾರೆ, ಅತ್ತ ಸೊಂಟದಲ್ಲಿ ಫಲಕ ಇನ್ನಷ್ಟು ಜಾರುತ್ತಿರುತ್ತದೆ.

ಮಂಡಿಚಿಪ್ಪಿನ ಕೆಳಗೆ, ಟಿಬಿಯಾದ ಮುಂಭಾಗದ ಗುಬುಟು ಊದಿ ಒತ್ತಿದರೆ ನೋಯುವುದಾದರೆ ಅದು ಆಸ್‌ಗುಡ್-ಶ್ಲಾಟರ್; 1903ರಲ್ಲೇ ಇಬ್ಬರು ವೈದ್ಯರು ಬೇರೆಬೇರೆಯಾಗಿ ವರ್ಣಿಸಿದ ಕಾಯಿಲೆ. ಬೆರಳಿನಿಂದ ಗುರುತಿಸಬಹುದಾದ ಇದಕ್ಕೆ ಎಂಆರ್‌ಐಯ ಖರ್ಚು ಬೇಡ. ನೋವು ಚಿಪ್ಪಿನ ಕೆಳತುದಿಯಲ್ಲೇ ಇದ್ದರೆ ಅದರ ಸೋದರನಾದ ಸಿಂಡಿಂಗ್-ಲಾರ್ಸೆನ್-ಜೊಹಾನ್ಸನ್. 'ಬೆಳೆಯುವ ನೋವು' ಎಂದು ಮನೆಮಂದಿ ಹೇಳುವುದು ಬೇರೆಯೇ: ಅದು ಹೆಚ್ಚಾಗಿ ಚಿಕ್ಕ ಮಕ್ಕಳಿಗೆ ಸಂಜೆ ಅಥವಾ ರಾತ್ರಿ, ಎರಡೂ ಕಾಲಿನ ಮೀನಖಂಡ ಮತ್ತು ತೊಡೆಗಳಲ್ಲಿ ಬಂದು ಬೆಳಗಾಗುವಷ್ಟರಲ್ಲಿ ಮಾಯವಾಗುವಂಥದ್ದು. ಒಂದೇ ಮಂಡಿಯ ಒಂದೇ ಜಾಗವನ್ನು ಬೆರಳಿಟ್ಟು ತೋರಿಸುವ ನೋವಿಗೆ ಆ ಹೆಸರು ಹೊಂದುವುದಿಲ್ಲ.

ಜ್ವರ, ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ನೋವು, ವಾರದಿಂದ ವಾರಕ್ಕೆ ಏರುವ ನೋವು, ಕಣ್ಣಿಗೆ ಕಾಣುವ ಊತ: ಇವುಗಳಲ್ಲಿ ಒಂದಿದ್ದರೂ ಎಕ್ಸ್‌ರೇ ಮತ್ತು ರಕ್ತಪರೀಕ್ಷೆ ತಡಮಾಡದೆ ಆಗಬೇಕು. ಎಕ್ಸ್‌ರೇ ಇಲ್ಲದೆ ನೇರವಾಗಿ ಬಂದ ಎಂಆರ್‌ಐಯನ್ನು ಓದುವುದು, ಮೊದಲ ಅಧ್ಯಾಯ ಹರಿದುಹೋದ ಪತ್ತೇದಾರಿ ಕಾದಂಬರಿಯನ್ನು ಓದಿದಂತೆ. ನಮ್ಮಲ್ಲಿ ಮೊದಲು ಎಕ್ಸ್‌ರೇ ತರಲು ಹೇಳಿದರೆ ಕೆಲವರಿಗೆ ಮುನಿಸು. ದೊಡ್ಡ ಸ್ಕ್ಯಾನ್ ಇರುವಾಗ ಸಣ್ಣದೇಕೆ ಎಂಬ ವಾದ. ಮೂಳೆಯ ಹೊರಗೋಡೆ ಮತ್ತು ಸುಣ್ಣದ ಗುರುತುಗಳನ್ನು ತೋರಿಸುವುದರಲ್ಲಿ ಸಣ್ಣದೇ ಮೇಲು.

ಚಿತ್ರವೇ ಸುಳ್ಳು ಹೇಳುತ್ತಿಲ್ಲವೇ?

ಮಚ್ಚೆಯನ್ನು ಮಗುವಿನ ದೋಷವೆನ್ನುವ ಮೊದಲು ಚಿತ್ರದ ದೋಷವನ್ನು ಪರಿಶೀಲಿಸಬೇಕು. ಕೊಬ್ಬಿನ ಬಿಳುಪನ್ನು ಅಡಗಿಸಿ ನೀರನ್ನು ಮಾತ್ರ ಬೆಳಗಿಸುವ ಫ್ಯಾಟ್ ಸಪ್ರೆಷನ್ ಸೀಕ್ವೆನ್ಸಿನಲ್ಲಿ (ಸೀಕ್ವೆನ್ಸ್ ಎಂದರೆ ಚಿತ್ರ ತೆಗೆಯುವ ಒಂದು ಬಗೆ), ಕಾಂತಕ್ಷೇತ್ರ ಏರುಪೇರಾಗುವ ಅಂಚುಗಳಲ್ಲಿ ಕೊಬ್ಬು ಅಡಗದೆ ಬೆಳ್ಳಗೇ ಉಳಿಯುವುದುಂಟು. ಮಚ್ಚೆಯಿರುವ ಮಟ್ಟದಲ್ಲೇ ಚರ್ಮದಡಿಯ ಕೊಬ್ಬೂ ಬೆಳ್ಳಗಿದ್ದರೆ ಅನುಮಾನಿಸಬೇಕು, ಕ್ಷೇತ್ರದ ಏರುಪೇರಿಗೆ ಅಷ್ಟಾಗಿ ಬಗ್ಗದ ಸ್ಟಿರ್ ಸೀಕ್ವೆನ್ಸನ್ನು ಒಮ್ಮೆ ತೆಗೆಸಬೇಕು. ಎರಡನೆಯ ಮೋಸ ಫಲಕದ ಆಕಾರದ್ದು. ತೊಡೆಮೂಳೆಯ ಕೆಳಫಲಕ ಸಪಾಟಾಗಿಲ್ಲ, ಅಲೆಅಲೆಯಾಗಿದೆ. 3 ಮಿಲಿಮೀಟರ್ ದಪ್ಪದ ಒಂದು ಸ್ಲೈಸ್ ಅದನ್ನು ಓರೆಯಾಗಿ ಕೊಯ್ದರೆ ಫಲಕ ದಪ್ಪನಾಗಿಯೂ ಮಸುಕಾಗಿಯೂ ಕಾಣುತ್ತದೆ. ಎದುರಿನಿಂದ ಕಂಡ ದಪ್ಪವನ್ನು ಪಕ್ಕದ ನೋಟದಲ್ಲಿ ಖಚಿತಪಡಿಸಿಕೊಳ್ಳದೆ 'ಫಲಕ ಅಗಲವಾಗಿದೆ' ಎಂದು ಬರೆಯಬಾರದು.

ಸ್ಕ್ಯಾನ್ 20ರಿಂದ 30 ನಿಮಿಷ ಹಿಡಿಯುತ್ತದೆ, ಮಗು ಅಲುಗಾಡಿದರೆ ಕೆಲಸ ಕೆಡುತ್ತದೆ. ತಾಯಿ ಅಥವಾ ತಂದೆ ಮಂಗಳಸೂತ್ರ, ಕೀಲಿಕೈ, ಮೊಬೈಲ್ ಎಲ್ಲವನ್ನೂ ಹೊರಗಿಟ್ಟು ಪಕ್ಕದಲ್ಲಿ ಕುಳಿತರೆ ಬಹಳ ಮಕ್ಕಳು ಕದಲದೆ ಮಲಗುತ್ತಾರೆ. ಹುಡುಗಿಯರ ಕಾಲ್ಗೆಜ್ಜೆ ತೆಗೆಸಲು ಮರೆಯಬಾರದು. ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದರೆ ಟೆಕ್ನಿಷಿಯನ್ನರಿಗೆ ಹೇಳಬೇಕು, ಆದರೆ ಅದರಿಂದ ಮಂಡಿಯ ಚಿತ್ರ ಕೆಡುವುದಿಲ್ಲ. ಎಂಆರ್‌ಐಯಲ್ಲಿ ಎಕ್ಸ್‌ರೇಯಂಥ ವಿಕಿರಣವಿಲ್ಲ ಎಂಬುದನ್ನು ಕೇಳುವ ಮೊದಲೇ ಹೇಳಿಬಿಡುವುದು ಒಳ್ಳೆಯದು. ಓದುವವರ ಕಡೆಯಿಂದ ಒಂದೇ ಬೇಡಿಕೆ: ಕೊಬ್ಬು ಬೆಳ್ಳಗೆ ಕಾಣುವ ಟಿ1 ಸೀಕ್ವೆನ್ಸನ್ನು ಯಾವ ಕಾರಣಕ್ಕೂ ಬಿಡಬೇಡಿ. ನನ್ನ ಹಳೆಯ ತಪ್ಪಿನಲ್ಲಿ ಟಿ1 ಇತ್ತು. ಅದನ್ನು ತೆರೆದು ನೋಡದೇ ಇದ್ದವನು ನಾನು.

ಬಿಳುಪಿನ ನಡು ಎಲ್ಲಿ?

ಫಲಕದ ಎರಡೂ ಬದಿಗೆ, ಎಪಿಫಿಸಿಸ್‌ಗೂ ಮೆಟಾಫಿಸಿಸ್‌ಗೂ ಹರಡಿದ ಬಿಳುಪಿನ ನಡು ಫಲಕದ ಮೇಲೆಯೇ ಬಿದ್ದರೆ, ಅದೂ ಫಲಕ ಮುಚ್ಚಲು ತೊಡಗುವ ನಡುಭಾಗದ ಆಸುಪಾಸಿನಲ್ಲಿದ್ದರೆ, ಮೊದಲು ಫೋಪ್ ಎಂದು ಯೋಚಿಸಬೇಕು. ಹುಡುಗಿಯರಲ್ಲಿ 11ರಿಂದ 13, ಹುಡುಗರಲ್ಲಿ 13ರಿಂದ 15 ಇದರ ವಯಸ್ಸು. ತೊಡೆಮೂಳೆಯ ಕೆಳತುದಿ, ಟಿಬಿಯಾ ಮತ್ತು ಅದರ ಪಕ್ಕದ ತೆಳು ಮೂಳೆಯಾದ ಫಿಬ್ಯುಲಾಗಳ ಮೇಲ್ತುದಿ ಇದರ ಜಾಗಗಳು. ಬಿಳುಪಿನ ಅಂಚು ಗೆರೆ ಎಳೆದಂತಿರದೆ ದೀಪದ ಕುಡಿಯಂತೆ ಕ್ರಮೇಣ ಮಾಸುತ್ತದೆ. ಮೂಳೆಯ ಹೊರಗೋಡೆ ಹಾಳಾಗಿರುವುದಿಲ್ಲ, ಅದರ ಹೊದಿಕೆ ಎದ್ದಿರುವುದಿಲ್ಲ, ಬಿರುಕಿನ ಗೆರೆಯಿಲ್ಲ, ಪಕ್ಕದ ಮಾಂಸದಲ್ಲಿ ಗಂಟಿಲ್ಲ. ಎಕ್ಸ್‌ರೇ ಹೆಚ್ಚಾಗಿ ಸಹಜವಾಗಿರುತ್ತದೆ.

ಇಷ್ಟಾದ ಮೇಲೂ ಒಂದು ಮುಖ್ಯ ಪರೀಕ್ಷೆ ಉಳಿಯುತ್ತದೆ, ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು: ಬಿಳುಪಿನ ನಡುವೆ ಹಾದುಹೋಗುವ ಫಲಕ ತೆಳುವಾಗಿದೆಯೋ, ಅಗಲವಾಗಿದೆಯೋ? ಫೋಪ್ ಮುಚ್ಚುವಿಕೆಯ ಆರಂಭವಾದ್ದರಿಂದ ಅಲ್ಲಿ ಫಲಕ ಸುತ್ತಲಿಗಿಂತ ತೆಳುವಾಗಿರುತ್ತದೆ. ಅಗಲವಾಗಿದ್ದರೆ ಕಥೆಯೇ ಬೇರೆ. ದಿನಕ್ಕೆರಡು ಹೊತ್ತು ಅಭ್ಯಾಸ ಮಾಡುವ ಓಟಗಾರರಲ್ಲಿ, ಫುಟ್‌ಬಾಲ್ ಆಟಗಾರರಲ್ಲಿ ಮರುಮರಳಿ ಬೀಳುವ ಹೊರೆಯಿಂದ ಮೃದ್ವಸ್ಥಿ ಮೂಳೆಯಾಗುವ ಕೆಲಸ ನಿಂತು, ಫಲಕ ಅಗಲವಾಗಿ, ಮೃದ್ವಸ್ಥಿಯ ನಾಲಿಗೆಗಳು ಮೆಟಾಫಿಸಿಸ್‌ನೊಳಕ್ಕೆ ಚಾಚಿಕೊಳ್ಳುತ್ತವೆ. ಇದು ಫಲಕದ ಸ್ಟ್ರೆಸ್ ಗಾಯ. ಎರಡಕ್ಕೂ ವಿಶ್ರಾಂತಿಯೇ ಚಿಕಿತ್ಸೆಯಾದರೂ ಎರಡರ ತೂಕ ಒಂದಲ್ಲ: ಸ್ಟ್ರೆಸ್ ಗಾಯದ ಮೇಲೆ ಆಟ ಮುಂದುವರಿದರೆ ಫಲಕ ಕಾಲಕ್ಕೆ ಮೊದಲೇ ಮುಚ್ಚಿ ಕಾಲು ಗಿಡ್ಡವಾಗಬಹುದು ಅಥವಾ ಸೊಟ್ಟಗಾಗಬಹುದು. ತರಬೇತುದಾರರು 'ಇನ್ನೊಂದು ಪಂದ್ಯ ಮಾತ್ರ' ಎಂದು ಕೇಳುವುದು ಸಾಮಾನ್ಯವಾಗಿ ಇಂಥ ಮಕ್ಕಳಿಗಾಗಿಯೇ.

ಬಿದ್ದು ಅಥವಾ ಡಿಕ್ಕಿಯಾಗಿ ಬಂದ ಮಗುವಿನಲ್ಲಿ ಫಲಕದ ಬಿರುಕನ್ನು ಹುಡುಕಬೇಕು. 1963ರಲ್ಲಿ ಸಾಲ್ಟರ್ ಮತ್ತು ಹ್ಯಾರಿಸ್ ಇವನ್ನು ಐದು ಬಗೆಗಳಾಗಿ ವಿಂಗಡಿಸಿದರು. ಮೂಳೆಯ ಚೂರೊಂದು ಮೆಟಾಫಿಸಿಸ್‌ನಿಂದ ಕಿತ್ತು ಬರುವ ಎರಡನೆಯ ಬಗೆ ಹೆಚ್ಚು ಸಾಮಾನ್ಯ ಮತ್ತು ಎಕ್ಸ್‌ರೇಯಲ್ಲೇ ಸಿಕ್ಕಿಬೀಳುತ್ತದೆ. ಫಲಕವಷ್ಟೇ ಸಡಿಲಗೊಂಡ ಮೊದಲನೆಯದೂ, ಫಲಕ ಜಜ್ಜಿಹೋದ ಐದನೆಯದೂ ಅಲ್ಲಿ ಜಾರಿಕೊಳ್ಳುತ್ತವೆ. ಆಗ ಎಂಆರ್‌ಐ ನೆರವಾಗುತ್ತದೆ.

ನಡು ಫಲಕದಿಂದ ಆಚೆ ಬಿದ್ದಾಗ

ನಡು ಮೆಟಾಫಿಸಿಸ್‌ನಲ್ಲಿ ಬಿದ್ದರೆ ಟಿ1ಕ್ಕೆ ಹೋಗಬೇಕು. ಫೋಪ್‌ನಲ್ಲಿ ಟಿ1ರ ಬೂದುಬಣ್ಣದ ನಡುವೆ ಕೊಬ್ಬಿನ ಬಿಳಿಯೆಳೆಗಳು ಉಳಿದಿರುತ್ತವೆ, ಅಂದರೆ ನೀರು ಬಂದು ಸೇರಿದೆಯೇ ಹೊರತು ಮಜ್ಜೆ ತನ್ನ ಜಾಗ ಬಿಟ್ಟುಕೊಟ್ಟಿಲ್ಲ. ಟಿ1ರಲ್ಲಿ ಪಕ್ಕದ ಸ್ನಾಯುವಿನಷ್ಟೇ ಅಥವಾ ಅದಕ್ಕಿಂತ ಕಪ್ಪಾದ, ಅಂಚು ಸ್ಪಷ್ಟವಾದ ಪ್ರದೇಶ ಕಂಡರೆ ಮಜ್ಜೆಯ ಜಾಗದಲ್ಲಿ ಬೇರೇನೋ ಕುಳಿತಿದೆ ಎಂದರ್ಥ. ಮೂಳೆಯ ಕ್ಯಾನ್ಸರ್ ಆದ ಆಸ್ಟಿಯೋಸಾರ್ಕೋಮಾ ಈ ವಯಸ್ಸಿನಲ್ಲಿ ಹೆಚ್ಚಾಗಿ ಬರುವ ಜಾಗವೂ ಮಂಡಿಯ ಸುತ್ತಲಿನ ಮೆಟಾಫಿಸಿಸ್ ಆದ್ದರಿಂದ ಇಲ್ಲಿ ಸಂಕೋಚ ಪಡುವಂತಿಲ್ಲ. ಅಂಥ ಮಗುವನ್ನು ಮೂಳೆಗಡ್ಡೆಗಳ ಚಿಕಿತ್ಸೆಯಲ್ಲಿ ಪಳಗಿದ ಕೇಂದ್ರಕ್ಕೇ ಕಳಿಸಬೇಕು. ಬಯಾಪ್ಸಿಯನ್ನೂ ಮುಂದೆ ಶಸ್ತ್ರಚಿಕಿತ್ಸೆ ಮಾಡುವ ತಂಡವೇ ಯೋಜಿಸಬೇಕು, ಏಕೆಂದರೆ ಸೂಜಿ ಹೋದ ದಾರಿಯನ್ನು ಆಮೇಲೆ ಗಡ್ಡೆಯೊಂದಿಗೇ ತೆಗೆಯಬೇಕಾಗುತ್ತದೆ. ಮುಂಬಯಿಯಲ್ಲಿ ಪರೇಲಿನ ಟಾಟಾ ಮೆಮೋರಿಯಲ್ ಹತ್ತಿರವಿರುವಾಗ ಬೀದಿಯ ಕೊನೆಯ ನರ್ಸಿಂಗ್ ಹೋಮಿನಲ್ಲಿ ಸೂಜಿ ಹಾಕಿಸಿಕೊಳ್ಳುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಸೋಂಕು ಕೂಡ ಮೆಟಾಫಿಸಿಸ್‌ನಲ್ಲೇ ಬೇರೂರಲು ಇಷ್ಟಪಡುತ್ತದೆ. ಹಳೆಯದಾಗುತ್ತಿರುವ ಸೋಂಕಿನ ಕುಳಿಯ ಒಳಅಂಚಿಗೆ ಟಿ1ರಲ್ಲಿ ತುಸು ಬೆಳ್ಳಗಿನ ಒಂದು ಪಟ್ಟಿ ಕಾಣುವುದುಂಟು. ಫಲಕವನ್ನು ತೂತು ಮಾಡಿಕೊಂಡು ಎಪಿಫಿಸಿಸ್‌ಗೆ ಹೋದ ಸುರಂಗವೂ ಕಾಣಬಹುದು. ನಮ್ಮ ದೇಶದಲ್ಲಿ ಕ್ಷಯವನ್ನು ಅನುಮಾನಗಳ ಪಟ್ಟಿಯಿಂದ ಎಂದೂ ಕೈಬಿಡಬಾರದು. ಕೀಲಿನಲ್ಲಿ ನೀರು ಗಣನೀಯವಾಗಿ ತುಂಬಿದ್ದರೆ ಫೋಪ್ ಎಂಬ ಹೆಸರನ್ನು ಬದಿಗಿಟ್ಟು ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಮತ್ತು ರಕ್ತಕಣಗಳ ಎಣಿಕೆಯನ್ನು ನೋಡಬೇಕು. ಮಜ್ಜೆಯ ಬದಲಾವಣೆ ಒಂದು ಜಾಗಕ್ಕೆ ಸೀಮಿತವಾಗದೆ ಚಿತ್ರದ ಉದ್ದಕ್ಕೂ ಹಬ್ಬಿದ್ದರೆ ಆ ಎಣಿಕೆ ಇನ್ನೂ ತುರ್ತಿನದು, ಏಕೆಂದರೆ ರಕ್ತದ ಕ್ಯಾನ್ಸರ್ ಆದ ಲ್ಯುಕೇಮಿಯಾ ಕೆಲವು ಮಕ್ಕಳಲ್ಲಿ ಮೊದಲು ಮೂಳೆನೋವಾಗಿಯೇ ತಲೆಯೆತ್ತುತ್ತದೆ.

ನಡು ಎಪಿಫಿಸಿಸ್‌ನಲ್ಲಿದ್ದು ಬಿಳುಪಿನೊಳಗೆ ಗಡಿ ಕಟ್ಟಿದ ಗಂಟೊಂದು ಅಡಗಿದ್ದರೆ ಕಾಂಡ್ರೊಬ್ಲಾಸ್ಟೋಮಾ ಎಂಬ ಗಡ್ಡೆ. ಬಿಳುಪು ಬೆಟ್ಟದಷ್ಟಿದ್ದು ಒಳಗೆ ಕಾಳಿನಷ್ಟು ಮಚ್ಚೆಯಿದ್ದರೆ, ರಾತ್ರಿಯ ನೋವು ನೋವಿನ ಮಾತ್ರೆಗೆ ಚೆನ್ನಾಗಿ ಇಳಿಯುತ್ತಿದ್ದರೆ ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಸಣ್ಣ ಗಡ್ಡೆ. ಆ ಕಾಳನ್ನು ಸಿಟಿ ಸ್ಕ್ಯಾನ್ ಎಂಆರ್‌ಐಗಿಂತ ಚೆನ್ನಾಗಿ ತೋರಿಸುತ್ತದೆ.

ಕಾಯಿಲೆಯೇ ಅಲ್ಲದ್ದೂ ಒಂದಿದೆ. ಬೆಳೆಯುವ ಮಕ್ಕಳ ಮೆಟಾಫಿಸಿಸ್‌ನಲ್ಲಿ ರಕ್ತ ತಯಾರಿಸುವ ಕೆಂಪು ಮಜ್ಜೆ ಉಳಿದಿರುತ್ತದೆ, ರಕ್ತಹೀನತೆಯಿರುವ ಹುಡುಗಿಯರಲ್ಲಿ ತುಸು ಹೆಚ್ಚಾಗಿಯೇ. ಅದು ಸಾಮಾನ್ಯವಾಗಿ ಫಲಕದ ಹತ್ತಿರ ಬಂದು ನಿಲ್ಲುತ್ತದೆ, ದಾಟುವುದಿಲ್ಲ. ಟಿ1ರಲ್ಲಿ ಕೊಬ್ಬಿಗಿಂತ ಕಪ್ಪು, ಸ್ನಾಯುವಿಗಿಂತ ಬಿಳಿ. ಇದನ್ನು ಕಂಡು ಮೂಳೆಗೆ ಚಿಕಿತ್ಸೆ ಹೇಳುವ ಬದಲು ಹಿಮೋಗ್ಲೋಬಿನ್ ನೋಡಿಸುವುದು ಲೇಸು.

ರಿಪೋರ್ಟಿನಲ್ಲಿ ಬರೆಯುವುದು

ಲಕ್ಷಣಗಳೆಲ್ಲ ಕೂಡಿಬಂದರೆ ಫೋಪ್ ಎಂದು ಹೆಸರಿಟ್ಟೇ ಬರೆಯಬೇಕು. 'ಅನಿರ್ದಿಷ್ಟ ಮಜ್ಜೆಯ ಎಡೀಮಾ, ವೈದ್ಯಕೀಯ ಲಕ್ಷಣಗಳೊಂದಿಗೆ ಹೋಲಿಸಿ ನೋಡಿ' ಎಂಬ ಸಾಲು ಬರೆದವರನ್ನು ಕಾಪಾಡುತ್ತದೆ, ಮಗುವನ್ನು ಮಾತ್ರ ಇನ್ನೊಬ್ಬ ವೈದ್ಯರ ಬಾಗಿಲಿಗೆ, ಇನ್ನೊಂದು ಸ್ಕ್ಯಾನಿಗೆ ಅಟ್ಟುತ್ತದೆ. ಬಿಳುಪಿನ ನಡು, ಫಲಕದ ದಪ್ಪ, ಟಿ1ರ ನೋಟ, ಹೊರಗೋಡೆ, ಕೀಲಿನ ನೀರು, ಇವುಗಳ ಬಗ್ಗೆ ತಲಾ ಒಂದು ವಾಕ್ಯ ಬರೆದು ಬಯಾಪ್ಸಿ ಬೇಡವೆಂದು ಸ್ಪಷ್ಟವಾಗಿ ಹೇಳಬೇಕು. ಚಿತ್ರದಲ್ಲಿ ವ್ಯತ್ಯಾಸ ಎದ್ದುಕಾಣಲು ಕೊಡುವ ಗಡೋಲಿನಿಯಂ ಇಂಜೆಕ್ಷನ್ ಇಲ್ಲಿ ಹೊಸದೇನನ್ನೂ ತಿಳಿಸುವುದಿಲ್ಲ.

ಚಿಕಿತ್ಸೆ ಸರಳ: ನೋವು ತರುವ ಆಟವನ್ನು ಕೆಲವು ವಾರ ಬಿಡುವುದು, ಬೇಕಾದರೆ ವೈದ್ಯರು ಹೇಳಿದ ನೋವಿನ ಮಾತ್ರೆ, ಆಮೇಲೆ ಹಂತಹಂತವಾಗಿ ಮೈದಾನಕ್ಕೆ ಮರಳುವುದು. ಮಗುವಿಗೆ ಹಾಸಿಗೆ ಹಿಡಿಸುವ ಅಗತ್ಯವಿಲ್ಲ. ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ಇಳಿಯುವಾಗ ನೋಯದಿದ್ದರೆ ಶಾಲೆಗೆ ಹೋಗಲಿ. ನೋವು ಹೋದ ಮೇಲೂ ಚಿತ್ರದಲ್ಲಿ ಬಿಳುಪು ತಿಂಗಳುಗಟ್ಟಲೆ ಉಳಿಯಬಹುದಾದ್ದರಿಂದ 'ಹೋಯಿತೇ' ಎಂದು ನೋಡಲು ಮಾತ್ರ ಮತ್ತೆ ಎಂಆರ್‌ಐ ಮಾಡಿಸಬೇಕಿಲ್ಲ. ವಿಶ್ರಾಂತಿ ಕೊಟ್ಟ ಮೇಲೂ ನೋವು ಏರುತ್ತಿದ್ದರೆ, ರಾತ್ರಿ ಎಚ್ಚರಿಸತೊಡಗಿದರೆ, ಊತ ಬಂದರೆ ಫೋಪ್ ಎಂಬ ಹೆಸರಿಗೆ ಅಂಟಿಕೊಳ್ಳದೆ ಎಲ್ಲವನ್ನೂ ಮೊದಲಿಂದ ನೋಡಬೇಕು, ಸೊಂಟವೂ ಸೇರಿದಂತೆ.

ಆ ಸಮಯಕ್ಕೆ ಹಳೆಯ ಚಿತ್ರಗಳು ಬೇಕಾಗುತ್ತವೆ. ಫಿಲ್ಮಿನ ಮೇಲೆ ಆಯ್ದ ಸ್ಲೈಸುಗಳಷ್ಟೇ ಅಚ್ಚಾಗಿರುತ್ತವೆ, ಫಲಕದ ದಪ್ಪವನ್ನು ಅದರಿಂದ ಸರಿಯಾಗಿ ಅಳೆಯಲಾಗದು; ಕೇಂದ್ರದಿಂದ ಸಿಡಿಯನ್ನು ಕೇಳಿ ಪಡೆದು ರಿಪೋರ್ಟಿನೊಂದಿಗೇ ಇಟ್ಟುಕೊಳ್ಳಿ. ಧಾರವಾಡದ ಆ ತಾಯಿ ಅದನ್ನು ಹಾಗೆಯೇ ಇಟ್ಟಿದ್ದರು. ಎಂಟು ತಿಂಗಳ ನಂತರ ಮಗಳು ಕಬಡ್ಡಿಯಲ್ಲಿ ಪಾದ ಉಳುಕಿಸಿಕೊಂಡು ಬಂದಾಗ, ಕೇಳದೆಯೇ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಮಂಡಿಯ ನೋವು ಎರಡೇ ತಿಂಗಳಲ್ಲಿ ಹೋಗಿತ್ತಂತೆ.